ಟವೆಲ್ಲಿನ ಕೆಳಗಿನ ಮಾತು

ಟ್ರ್ಯಾಕ್ಟರು ಬಂದು ಎತ್ತಿನ ವ್ಯಾಪಾರ ಬಿದ್ದ ವರ್ಷ, ಸಂತೇಬೆನ್ನೂರಿನ ದನದ ದಲ್ಲಾಳಿ ಬೆನಕಪ್ಪ ತನ್ನ ಕೈಕೆಳಗಿದ್ದ ಬೋರಣ್ಣನನ್ನು ಕೆಲಸದಿಂದ ಬಿಡಿಸಿದ. ಜಗಳೂರು ಕಡೆಯ ಬೋರಣ್ಣ ಆಗಿನ್ನೂ ಮೀಸೆ ಚಿಗುರಿದ ಹುಡುಗ. "ನೀನು ನನ್ನ ಮಗ ಇದ್ದಂಗೆ ಕಣೋ, ಬ್ಯಾರೆ ಕಡೆ ನಾನೇ ಕೆಲಸ ಕೊಡಿಸ್ತೀನಿ" ಅಂದಿದ್ದ ಬೆನಕಪ್ಪ. ಅದನ್ನು ನಂಬಿಕೊಂಡು ಬೋರಣ್ಣ ಬೇಸಿಗೆಯೆಲ್ಲ ಕಾದ.

ಕೊನೆಗೆ ತಾನೇ ಹೊನ್ನಾಳಿಗೆ ಹೋಗಿ ಇನ್ನೊಬ್ಬ ದಲ್ಲಾಳಿ ಹನುಮಣ್ಣನ ಹತ್ತಿರ ಕೆಲಸ ಕೇಳಿದ. "ನಿನ್ನ ಹಳೇ ಯಜಮಾನ್ರನ್ನ ಒಂದು ಮಾತು ಕೇಳ್ತೀನಿ" ಅಂದ ಹನುಮಣ್ಣ.

ಮುಂದಿನ ಸಂತೆಯಲ್ಲಿ ಹನುಮಣ್ಣನಿಗೆ ಬೆನಕಪ್ಪ ಸಿಕ್ಕ; ಬೋರಣ್ಣ ತುಸು ದೂರದಲ್ಲಿ ನಿಂತು ನೋಡುತ್ತಿದ್ದ. "ಹುಡುಗ ಬಂಗಾರದಂಥೋನು, ಕಣ್ಣು ಮುಚ್ಚಿ ಇಟ್ಕೊಳ್ರಿ" ಎಂದು ಸುತ್ತಲಿನವರಿಗೆಲ್ಲ ಕೇಳುವಂತೆ ಹೊಗಳಿದ. ಹೊಗಳುತ್ತಲೇ ಹನುಮಣ್ಣನ ಕೈ ಹಿಡಿದು ಮೇಲೆ ಟವೆಲ್ ಹೊದಿಸಿದ. ದನದ ಸಂತೆಯಲ್ಲಿ ನಿಜವಾದ ಮಾತು ನಡೆಯುವುದು ಟವೆಲ್ಲಿನ ಕೆಳಗೆ, ಬೆರಳಲ್ಲಿ. ಹೆಬ್ಬೆರಳಿಂದ ಅಂಗೈ ತಿವಿದರೆ, ಎತ್ತಿಗೆ ಐಬು ಐತೆ, ಬ್ಯಾಡ ಅಂತ.

ಟವೆಲ್ ಒಮ್ಮೆ ಅಲುಗಿತು. ಹನುಮಣ್ಣನ ಮುಖ ಸಪ್ಪಗಾಯಿತು.

ಬಟ್ಟೆಯ ಅಲುಗಾಟ ನೋಡಿ ಒಳಗಿನ ಬೆರಳು ತಿಳಿಯುವುದನ್ನು ಬೋರಣ್ಣನಿಗೆ ಕಲಿಸಿದವನೇ ಬೆನಕಪ್ಪ, ಎದುರು ದಲ್ಲಾಳಿಗಳ ಗುಟ್ಟು ಹಿಡಿಯಲಿಕ್ಕೆ. ಆ ಕಣ್ಣು ಈಗ ಬೆನಕಪ್ಪನಿಗೆ ಬೇಡವಾಗಿತ್ತು, ಆದರೆ ಇನ್ನೊಬ್ಬನ ಪಾಲಾಗಲೂಬಾರದಿತ್ತು.

ಬೋರಣ್ಣ ನುಗ್ಗಿ ಬಂದು ಟವೆಲ್ ಕಿತ್ತೆಸೆದ. ಬೆನಕಪ್ಪನ ಹೆಬ್ಬೆರಳು ಇನ್ನೂ ಹನುಮಣ್ಣನ ಅಂಗೈಯಲ್ಲೇ ಇತ್ತು.

"ಮಗನಿಗೇನು ಐಬು ಐತೆ ಯಜಮಾನ್ರೇ? ಬಾಯಿಬಿಟ್ಟು ಹೇಳ್ರಿ."