ತಿರುವಿ ಹಾಕದ ರೊಟ್ಟಿ

ಅವರ ಬಲಗೈ ಮಡಿಲಲ್ಲಿ ಮಲಗಿದ ಬೆಕ್ಕಿನ ಹಾಗೆ ಸುಮ್ಮನೆ ಬಿದ್ದಿರುತ್ತಿತ್ತು. ಲಕ್ವಾ ಹೊಡೆದ ಮೇಲೆ ಎಡಗೈಯಲ್ಲೇ ಸೀಮೆಸುಣ್ಣ ಹಿಡಿದು ನಮ್ಮ ಅಡುಗೆಮನೆಯ ಕಡಪಕಲ್ಲಿನ ಮೇಲೆ ಸೊಟ್ಟ ಗೆರೆ ಎಳೆಯುತ್ತಿದ್ದರು. ಹರಪನಹಳ್ಳಿಯಲ್ಲಿ ನಮ್ಮ ಎದುರುಮನೆಯ ಅಕ್ಕೋರು ಅವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು.

ನಾನು ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಫೇಲಾದವಳು. ಅಂಗನವಾಡಿ ಸಹಾಯಕಿ ಕೆಲಸಕ್ಕೆ ಪಾಸಾಗಿರಬೇಕಿತ್ತು. ವಯಸ್ಸಿನ ಮಿತಿ ಮುಗಿಯಲು ಕೆಲವೇ ತಿಂಗಳು ಉಳಿದಿದ್ದವು. ಅಕ್ಕೋರನ್ನು ಕೇಳಿದೆ. "ಫೀಸು ಬ್ಯಾಡ, ದಿನಾ ಎರಡು ಬಿಸಿ ರೊಟ್ಟಿ ಕೊಡು ಸಾಕು" ಅಂದರು.

ನಾನು ರೊಟ್ಟಿ ಬಡಿಯುವಾಗಲೇ ಪಾಠ. ಕರೆಂಟಿನ ಪಾಠದಲ್ಲಿ ಸಮಾಂತರ ಜೋಡಣೆಯ ಲೆಕ್ಕ ಮಾತ್ರ ತಲೆಗೆ ಹತ್ತಲೊಲ್ಲದು. ಕರೆಂಟನ್ನು ತಡೆಯುವ ಎರಡು ರೋಧ ಸೇರಿದರೆ ಒಟ್ಟು ತಡೆ ಹೆಚ್ಚಾಗಬೇಕಲ್ಲ, ಕಡಿಮೆ ಹೇಗೆ?

"ಬಸ್ಸಿಗೆ ಎರಡು ಬಾಗ್ಲಾ ಇದ್ರ ಮಂದಿ ಇಳಿಯೋದು ಸಲೀಸೋ, ತ್ರಾಸೋ?"

"ಸಲೀಸ್ರಿ."

"ಕರೆಂಟಿಗೂ ಅಷ್ಟ. ಉತ್ತರ ಇದ್ದುದರಾಗ ಸಣ್ಣದಕ್ಕಿಂತ ಸಣ್ಣದು ಬರಬೇಕು."

ಮೂರು ಓಮ್, ಆರು ಓಮ್ ಕೊಟ್ಟರು. ಮೂರರಲ್ಲಿ ಒಂದು, ಆರರಲ್ಲಿ ಒಂದು ಕೂಡಿಸಿದೆ. "ಅರ್ಧ. ಸಣ್ಣದೇ ಬಂತಲ್ರಿ" ಅಂದೆ.

"ಕೂಡಿಸಿದ ಮ್ಯಾಲೆ ತಲಿಕೆಳಗ ಮಾಡಬೇಕಲೇ. ಎರಡು ಓಮ್. ಒಂದ ಮಗ್ಗಲಾ ಬೇಯಿಸಿ ಹಸಿ ರೊಟ್ಟಿ ಬಡಿಸ್ತೀಯೇನ್ ನಿನ್ನ ಗಂಡಗ?"

ಆಮೇಲೆ ಹಂಚಿನ ಮೇಲೆ ರೊಟ್ಟಿ ತಿರುವಿದಾಗಲೆಲ್ಲ ಕೂತಲ್ಲಿಂದಲೇ "ಲೆಕ್ಕಾನೂ ಹಂಗ" ಅನ್ನುತ್ತಿದ್ದರು.

ಪರೀಕ್ಷೆಗೆ ಎಂಟು ದಿನ ಇರುವಾಗ ಅವರಿಗೆ ಎರಡನೇ ಸಲ ಲಕ್ವಾ ಹೊಡೆಯಿತು. ಮಾತು ತೊದಲಿತು. ಕಣ್ಣು, ಕಿವಿ ಉಳಿಸಿದನಲ್ಲ ದೇವರು ಅಂದುಕೊಂಡೆ.

ಪರೀಕ್ಷೆಯಲ್ಲಿ ಅದೇ ಲೆಕ್ಕ, ನಾಲ್ಕು ಓಮ್, ಹನ್ನೆರಡು ಓಮ್. ಕೂಡಿಸಿದೆ, ಮೂರರಲ್ಲಿ ಒಂದು ಬಂತು. ನಾಲ್ಕಕ್ಕಿಂತ ಸಣ್ಣದೇ ಇದೆ ಎಂದು ಸಮಾಧಾನ ಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋದೆ. ವಾಪಸು ಬರುವಾಗ ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ ಒಬ್ಬಾಕೆ ರೊಟ್ಟಿ ತಿರುವುವುದು ಕಂಡಿತು. ಅಲ್ಲೇ ನಿಂತುಬಿಟ್ಟೆ.

ಸಂಜೆ ಅಕ್ಕೋರ ಮಂಚದ ಹತ್ತಿರ ಕೂತೆ. ತಡೆದು ತಡೆದು ಕೇಳಿದರು: "ತಿರುವಿ... ಹಾಕಿದೇನು?"

"ಹಾಕಿದೆ ಅಕ್ಕೋರೆ. ಮೂರು ಓಮ್ ಬಂತು."

"ಹಂಗಾರ... ಬೆಂತು ಬಿಡು."

ಎರಡು ದಿನಕ್ಕೆ ತೀರಿಕೊಂಡರು. ನಾನು ಒಂದು ಅಂಕಕ್ಕೆ ಫೇಲಾದೆ. ಇನ್ನೊಮ್ಮೆ ಬರೆಯುವಷ್ಟರಲ್ಲಿ ವಯಸ್ಸು ಮೀರಿತು. ಅದನ್ನು ನೋಡಲು ಅವರಿರಲಿಲ್ಲವಲ್ಲ, ಅಷ್ಟು ಕರುಣೆ ದೇವರದು. ಸಾಯುವವರಿಗೆ ಹೇಳಿದ ಸುಳ್ಳನ್ನು ಕ್ಷಮಿಸು ಎಂದು ಅವನನ್ನು ಕೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ಈಗಲೂ ಮೊದಲ ಎರಡು ರೊಟ್ಟಿ ತೆಗೆದಿಡುತ್ತೇನೆ. ಎದುರುಮನೆಗೆ ಬೀಗ. ಓಣಿಯ ಆಕಳಿಗೆ ಹಾಕುತ್ತೇನೆ, ಎರಡೂ ಮಗ್ಗಲು ಬೇಯಿಸಿಯೇ.