ಪೆನ್ಸಿಲ್ಲಿನಲ್ಲಿ ಬರೆಯಬೇಕಿದ್ದ ಟೊಂಗೆ

ಎಂಬಿಬಿಎಸ್ ಮೊದಲ ವರ್ಷ ನಾನು ಫೇಲಾದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ದಾಂಡೇಲಿಯಲ್ಲಿ ಹತ್ತನೆಯ ತರಗತಿವರೆಗೂ ಕನ್ನಡದಲ್ಲೇ ಕಲಿತವಳು, ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ಬಾಯಿಪಾಠ ಮಾಡಲು ಹೋಗಿದ್ದೆ. ಪರೀಕ್ಷೆಯಲ್ಲಿ ಒಂದು ಸಾಲು ಮರೆತದ್ದೇ ತಡ, ಮುಂದಿನ ಹತ್ತು ಸಾಲೂ ಕೈಕೊಟ್ಟವು. ಮನೆಗೆ ಬಂದು ಮೂರು ದಿನ ಅಳುತ್ತಾ ಬಿದ್ದಿದ್ದೆ. ನಾಲ್ಕನೆಯ ದಿನ ಅಳುವುದಕ್ಕೇ ಬೇಸರವಾಯಿತು.

ಅಪ್ಪ ಕಾಗದದ ಕಾರ್ಖಾನೆಯ ಕೆಲಸಗಾರ. ಅಂಚು ಹರಿದು ಮಾರಾಟಕ್ಕೆ ಬಾರದ ದೊಡ್ಡ ಹಾಳೆಗಳನ್ನು ಮೇಲಿನವರನ್ನು ಕೇಳಿ ಮನೆಗೆ ತರುತ್ತಿದ್ದ. ಅಂಥದೊಂದನ್ನು ನೆಲಕ್ಕೆ ಹಾಸಿ, ನಟ್ಟನಡುವೆ ‘ಹೃದಯ’ ಎಂದು ಬರೆದೆ. ಅದರಿಂದ ಟೊಂಗೆಗಳನ್ನು ಎಳೆದೆ: ರಕ್ತ ಬರುವ ದಾರಿ, ಹೋಗುವ ದಾರಿ, ಕವಾಟ, ಕವಾಟ ಕೆಟ್ಟರೆ ಏನಾಗುತ್ತದೆ, ಆಗ ರೋಗಿ ಏನು ಹೇಳುತ್ತಾನೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಸಂಜೆಗೆ ಕಣ್ಣು ಮುಚ್ಚಿದರೂ ಇಡೀ ಹಾಳೆ ಕಾಣುತ್ತಿತ್ತು. ಅಪ್ಪ ಅದನ್ನು ತುಳಿಯದಂತೆ ಗೋಡೆ ಹಿಡಿದು ದಾಟಿ ಬಂದು, “ಹಾಳಿ ಎಷ್ಟ ಬೇಕ ಅಷ್ಟ ತರ್ತೇನಿ ಯವ್ವಾ. ತಲಿ ಮಾತ್ರ ನಿಂದು,” ಎಂದ.

ಇದಕ್ಕೆ ಮೈಂಡ್ ಮ್ಯಾಪ್ ಎನ್ನುತ್ತಾರೆಂದು ಗೊತ್ತಾದದ್ದು ಆಮೇಲೆ, ಹಾಸ್ಟೆಲಿನಲ್ಲಿ. ರೂಮಿನ ಗೆಳತಿ ಹಾಳೆ ನೋಡಿ, “ನೀ ಡಾಕ್ಟರ್ ಆಗಾಕಿಯೋ, ರಂಗೋಲಿ ಹಾಕಾಕಿಯೋ?” ಎಂದು ಕಾಡಿದಳು. “ಎರಡೂ ಮಾಡ್ತೇನಿ, ನಿಂದೇನ ಹೋಗ್ತೈತಿ?” ಅಂದೆ. ಎರಡನೆಯ ಸಲ ಪಾಸಾದೆ. ಮತ್ತೆ ಎಂದೂ ಫೇಲಾಗಲಿಲ್ಲ.

ಕೊನೆಯ ವರ್ಷದಲ್ಲಿ ಒಬ್ಬ ಹಿರಿಯ ಮೇಷ್ಟ್ರು ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದರು. “ಚಂದ ಐತಿ. ಆದ್ರ ಇದ್ರಾಗ ರೋಗಿ ಹೇಳಿದ್ದು ಯಾವ್ದು, ನೀ ಅಂದ್ಕೊಂಡಿದ್ದು ಯಾವ್ದು?” ಎಂದು ಕೇಳಿದರು. ಅಂದಿನಿಂದ ಒಂದು ನೇಮ ಮಾಡಿಕೊಂಡೆ. ರೋಗಿ ಹೇಳಿದ್ದು, ಪರೀಕ್ಷೆಯಲ್ಲಿ ಕಂಡದ್ದು ಪೆನ್ನಿನಲ್ಲಿ. ನನ್ನ ಊಹೆ ಪೆನ್ಸಿಲ್ಲಿನಲ್ಲಿ.

ಈಗ ಹಳಿಯಾಳ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿದ್ದೇನೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ, ಸಾಂಬ್ರಾಣಿ ಕಡೆಯ ಒಬ್ಬ ಸಿದ್ದಿ ಹೆಣ್ಣುಮಗಳನ್ನು ಗಂಡ ಕರೆತಂದ. ಗೋವಿನಜೋಳದ ಹೊಲದಲ್ಲಿ ಕೂಲಿ ಮಾಡುವಾಕೆ, ಎರಡು ಮಕ್ಕಳ ತಾಯಿ, ಐದು ದಿನದ ಜ್ವರ. ಮಲೇರಿಯಾ ಅಲ್ಲ, ಡೆಂಗಿಯೂ ಅಲ್ಲ. ಹೊಟ್ಟೆ ಒತ್ತಿ ನೋಡುವಾಗ ಹೊಕ್ಕುಳ ಸುತ್ತ, ಸೊಂಟದ ಹತ್ತಿರ ಕಪ್ಪು ಚುಕ್ಕೆಗಳು ಕಂಡವು. ನಮ್ಮ ಕಡೆ ಹೊಟ್ಟೆನೋವಿಗೆ ಕೇರುಬೀಜ ಕಾಸಿ ಅದರ ಎಣ್ಣೆಯ ಬೊಟ್ಟು ಇಡುತ್ತಾರೆ. ಚರ್ಮ ಸುಟ್ಟು ಗುರುತು ಉಳಿಯುತ್ತದೆ. ನನ್ನ ಹೊಟ್ಟೆಯ ಮೇಲೂ ಎರಡಿವೆ, ಅಜ್ಜಿಯ ಉಡುಗೊರೆ. ನೋಡಿ, ಆಕೆಯನ್ನು ನಮ್ಮ ಕೇಂದ್ರದಲ್ಲೇ ಸೇರಿಸಿಕೊಂಡು ಸಲೈನ್ ಹಚ್ಚಿದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಆಕೆಗೆ ಏದುಸಿರು. ಗಂಡ ನನ್ನ ಮುಖವನ್ನೇ ನೋಡುತ್ತಿದ್ದ. “ಡಾಕ್ಟರ್ ಬಾಯಾರ, ಆಕಿ ಉಳೀತಾಳಲ್ರಿ?” ನನಗೆ ಹೆದರಿಕೆಯಾಯಿತು. ಹುಬ್ಬಳ್ಳಿಗೆ ಕಳಿಸಲು ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಅದು ಬರಲು ಮುಕ್ಕಾಲು ಗಂಟೆ ಬೇಕಿತ್ತು. ಅಷ್ಟು ಹೊತ್ತು ಕೈಕಟ್ಟಿ ಕೂರುವವಳು ನಾನಲ್ಲ.

ಹಾಳೆ ತೆಗೆದು ನಡುವೆ ‘ಜ್ವರ, ಎಂಟು ದಿನ’ ಎಂದು ಬರೆದೆ. ತಲೆನೋವು, ಆಕೆ ಹೇಳಿದ್ದು, ಪೆನ್ನು. ಪ್ಲೇಟ್‌ಲೆಟ್ ಕಡಿಮೆ, ಪರೀಕ್ಷೆ, ಪೆನ್ನು. ಚರ್ಮ ಎಂದು ಟೊಂಗೆ ಎಳೆದು ‘ಕೇರಿನ ಗುರುತು’ ಎಂದು ಪೆನ್ನಿನಲ್ಲೇ ಬರೆದೆ. ಅಲ್ಲಿ ಕೈ ನಿಂತಿತು. ಇದನ್ನು ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಅಂದುಕೊಂಡವಳು ನಾನೇ.

ಮಂಚದ ಹತ್ತಿರ ಓಡಿದೆ. “ಯಕ್ಕಾ, ಕೇರು ಯಾವಾಗ ಹಚ್ಚಿಸ್ಕೊಂಡಿದ್ರಿ?”

“ಬಾಳ ವರ್ಷ ಆತ್ರಿ. ನಾ ಆಗ ಸಣ್ಣಾಕಿ.”

ಸೀರೆಯ ಗಂಟು ಸಡಿಲಿಸಿ ನೋಡಿದೆ. ಹಳೆಯ ಗುರುತುಗಳೆಲ್ಲ ಚರ್ಮದೊಳಗೆ ಇಂಗಿಹೋಗಿದ್ದವು. ಗಂಟಿನ ಅಂಚಿಗೆ, ಮೊದಲ ದಿನವೇ ಕಂಡಿದ್ದ ಒಂದು ಮಾತ್ರ ತೊಗರಿಕಾಳಿನಷ್ಟು, ಒಣಗಿದ ಕಪ್ಪು ಹಕ್ಕಳೆ.

“ಇದು?”

“ಇದು ಕೇರಲ್ರಿ. ಮೊನ್ನೆ ಮೊನ್ನೆ ಆಗೈತಿ. ನೋವಿಲ್ಲ, ಅದಕ್ಕ ಹೇಳ್ಲಿಲ್ಲ.”

ಸ್ಕ್ರಬ್ ಟೈಫಸ್. ಹುಲ್ಲುಪೊದೆಯಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿ ಬರುವ ಜ್ವರ. ಪುಸ್ತಕದ ಚಿತ್ರದಲ್ಲಿ ಆ ಹಕ್ಕಳೆ ಬಿಳಿ ಚರ್ಮದ ಮೇಲೆ ಕೆಂಪು ಅಂಚಿಟ್ಟುಕೊಂಡು ಎದ್ದು ಕಾಣುತ್ತದೆ. ಆಕೆಯ ಕಪ್ಪು ಚರ್ಮದ ಮೇಲೆ ಆ ಕೆಂಪು ಕಾಣಲಿಲ್ಲ. ಔಷಧಿ ನಮ್ಮದೇ ಕಪಾಟಿನಲ್ಲಿತ್ತು, ಮೂರು ದಿನದಿಂದ! ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬದಿಗಿಟ್ಟು, ಮೊದಲು ಔಷಧಿ ಕೊಟ್ಟೆ. ಆಂಬುಲೆನ್ಸ್ ಬಂದಾಗ ಚೀಟಿಯ ಜೊತೆ ಆ ಹಾಳೆಯನ್ನೂ ಗಂಡನ ಕೈಗಿತ್ತೆ.

ಎರಡು ದಿನಕ್ಕೆ ಜ್ವರ ಇಳಿಯಿತಂತೆ. ಹದಿನೈದು ದಿನದ ಮೇಲೆ ಆಕೆ ತಾನೇ ನಡೆದು ಬಂದಳು. ಮಡಿಚಿದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, “ಇದ್ರಾಗ ಏನ ಬರ್ದೀರಿ ಬಾಯಾರ?” ಎಂದಳು. ಒಂದೊಂದೇ ಟೊಂಗೆ ತೋರಿಸಿದೆ, ಪೆನ್ನು ಪೆನ್ಸಿಲ್ಲಿನ ನೇಮವನ್ನೂ ಹೇಳಿದೆ. ಕೇರಿನ ಟೊಂಗೆಗೆ ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಿದೆ. “ಮೊದಲನೇ ದಿನಾನ ನೋಡಿದ್ದೆ ಯಕ್ಕಾ. ಕೇಳಲಿಲ್ಲ. ತಪ್ಪು ನಂದು.”

ಆಕೆ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಹಾಳೆಯನ್ನು ನನ್ನ ಕಡೆ ತಿರುಗಿಸಿ, ಖಾಲಿ ಜಾಗದ ಮೇಲೆ ಬೆರಳಿಟ್ಟಳು.

“ಹಂಗಾದ್ರ ಅದನ್ನೂ ಬರೀರಿ. ಪೆನ್ನಿಲೆ ಬರೀರಿ.”