ಬಲಗಡೆಯ ಗುರುತು

ಯಲಹಂಕದ ಆ ಕ್ಲಿನಿಕ್ಕಿನಲ್ಲಿ ಹೃದಯದವರಿಗೂ ಕ್ಯಾನ್ಸರಿನವರಿಗೂ ಒಂದೇ ಹಾಲ್. ಬಲಗಡೆಯ ಕ್ಯಾನ್ಸರ್ ವಿಭಾಗದ ಬಾಗಿಲ ಮೇಲೆ ಕನ್ನಡ ಅಕ್ಷರದಲ್ಲೇ ‘ಆಂಕಾಲಜಿ’ ಎಂದು ಬರೆದಿತ್ತು. ಅತ್ತೆ ಅದನ್ನು ಕೂಡಿಸಿ ಕೂಡಿಸಿ ಓದಿ, “ಹಾರ್ಟ್‌ಗೆ ಹಿಂಗೂ ಅಂತಾರೇನೋ?” ಎಂದು ಮಗನನ್ನು ಕೇಳಿದರು. ನನ್ನ ಯಜಮಾನರು “ಹೂಂನಮ್ಮ” ಎಂದು ಮೊಬೈಲಿಗೆ ತಲೆ ಬಗ್ಗಿಸಿದರು.

ಅತ್ತೆಯ ಎದೆಯ ಗಂಟು ಕ್ಯಾನ್ಸರ್ ಎಂದು ಸೂಜಿ ಹಾಕಿ ನೋಡಿದಾಗಲೇ ಗೊತ್ತಾಗಿತ್ತು. ಮನೆಯಲ್ಲಿ ಆ ಮಾತು ಎತ್ತಕೂಡದು ಎಂದು ಇವರ ಕಟ್ಟಪ್ಪಣೆ. “ಅಮ್ಮನಿಗೆ ಗೊತ್ತಾದ್ರೆ ಅರ್ಧ ಜೀವ ಅಲ್ಲೇ ಹೋಗತ್ತೆ.” ಅದಕ್ಕೇ ಗಂಟು ಬರೀ ಕೊಬ್ಬಿಂದು, ತೊಂದರೆ ಇರುವುದು ಹೃದಯದಲ್ಲಿ, ಆಪರೇಷನ್ನೂ ಅದಕ್ಕೇ ಎಂದಾಯಿತು. ಸುಳ್ಳು ಗಟ್ಟಿಯಾಗಲೆಂದು ಅತ್ತೆಗೆ ಉಪ್ಪಿನಕಾಯಿ, ಹಪ್ಪಳ ಎಲ್ಲ ಬಂದ್. ಉಪ್ಪಿಲ್ಲದ ಸಾರು ಬಡಿಸುವವಳು ನಾನು. ಪಾಪ, ಆಕೆ ಅದನ್ನೇ ಕಲಸಿಕೊಂಡು ಉಣ್ಣುತ್ತಿದ್ದರು.

ಕೌನ್ಸೆಲರ್ ಹುಡುಗಿಯೊಬ್ಬಳು ಬಂದಳು. ನಾನು ಓದಿದ ಕಾನ್ವೆಂಟಿನಲ್ಲಿ ದಿನಾ ಸಿಸ್ಟರ್ ನಮ್ಮ ಉಗುರು ನೋಡುತ್ತಿದ್ದರು, ಆ ಚಾಳಿ ನನಗೂ ಅಂಟಿದೆ. ಇವಳ ಗುಲಾಬಿ ಉಗುರುಗಳ ಸಂದಿಯಲ್ಲಿ ಸಮೋಸದ ಹಳದಿ ಎಣ್ಣೆ. ಅದೇ ಕೈಯಿಂದ ಅತ್ತೆಯ ಕೆನ್ನೆ ಹಿಂಡಿ, “ಅಜ್ಜಿ ಸೋ ಕ್ಯೂಟ್!” ಎಂದಳು. ಆಮೇಲೆ ನನ್ನ ಕಿವಿಯಲ್ಲಿ, “ಟೆನ್ಷನ್ ತಗೋಬೇಡಿ ಮೇಡಂ, ನಾವು ತುಂಬಾ ಜನಕ್ಕೆ ಹಾರ್ಟ್ ಅಂತಾನೇ ಹೇಳೋದು. ಆಪರೇಷನ್‌ಗೆ ಮುಂಚೆ ಇಸಿಜಿ ಹೆಂಗಿದ್ರೂ ಮಾಡ್ಲೇಬೇಕಲ್ಲ. ಒಪ್ಪಿಗೆ ಸಹಿ ನಿಮ್ಮ ಸರ್ ಹಾಕಿದ್ರೆ ಸಾಕು.” ಮಲ್ಲಿಗೆ ವಾಸನೆಯ ಸ್ಪ್ರೇ, ಫಿನಾಯಿಲ್, ಅವಳ ಬಾಯಿಯ ಸಮೋಸ, ಎಲ್ಲ ಸೇರಿ ಮೂಗಿಗೆ ಬಡಿದು ನಾನು ಮುಖ ತಿರುಗಿಸಿದೆ.

ಸ್ಕ್ಯಾನಿಂಗ್ ಮುಗಿಸಿ ಬಂದ ಅತ್ತೆ ನನ್ನ ಪಕ್ಕ ಕೂತು, ಸೆರಗಿನೊಳಗೆ ಕೈಯಿಟ್ಟು ಮೆಲ್ಲಗೆ ಕೇಳಿದರು.

“ಹೃದಯ ಎಡಗಡೆ ತಾನೇ ಇರೋದು?”

“ಹೌದತ್ತೆ.”

“ಮತ್ತೆ ಆ ಸ್ಕ್ಯಾನಿಂಗ್ ಹುಡುಗಿ ಬಲಗಡೆ ಗಂಟಿನ ಮೇಲೆ ಯಾಕೆ ಪೆನ್ನಲ್ಲಿ ಗುರುತು ಹಾಕಿದ್ಲು?”

ಇವರು ಎದುರು ಸಾಲಿನಿಂದ ನನಗೆ ಕಣ್ಣು ಬಿಟ್ಟರು. ನಾನು ಆ ಕಡೆ ನೋಡಲಿಲ್ಲ. “ಗಂಟು ಕ್ಯಾನ್ಸರಂತೆ ಅತ್ತೆ. ಆಪರೇಷನ್ ಅದಕ್ಕೇ.”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ಎದೇನೇ ಪೂರ್ತಿ ತೆಗೀತಾರಾ?”

“ಹಾಗಂತ ಇವರು ಹೇಳಿದ್ರು.”

“ಯಾರನ್ನ ಕೇಳಿ?”

ಅಷ್ಟರಲ್ಲಿ ನಮ್ಮನ್ನು ಒಳಗೆ ಕರೆದರು. ಕೌನ್ಸೆಲರ್ ಮತ್ತೆ ಕೆನ್ನೆಗೆ ಕೈ ಹಾಕಿ, “ಅಜ್ಜಿ, ಡಾಕ್ಟರ್ ಹಾರ್ಟ್ ನೋಡ್ತಾರೆ...” ಎನ್ನುತ್ತಿದ್ದಂತೆ ಅತ್ತೆ ಅವಳ ಮಣಿಕಟ್ಟು ಹಿಡಿದು ಸರಿಸಿದರು.

“ನನ್ನ ಹಾರ್ಟ್ ಚೆನ್ನಾಗಿದೆ ಕಣಮ್ಮ. ನೀನು ಹೋಗಿ ಕೈ ತೊಳ್ಕೋ.”

ಡಾಕ್ಟರು ಮಾತು ಶುರು ಮಾಡಿದ್ದು ಮಗನ ಮುಖ ನೋಡಿಕೊಂಡು, ಇಂಗ್ಲಿಷಿನಲ್ಲಿ. ಅತ್ತೆ ಮೇಜು ತಟ್ಟಿದರು. “ಕಾಯಿಲೆ ನಂದು ಸ್ವಾಮಿ, ಇಲ್ಲಿ ನೋಡಿ. ಪೂರ್ತಿ ತೆಗೀಲೇಬೇಕಾ?”

ಅವರು ಕುರ್ಚಿ ತಿರುಗಿಸಿದರು. “ಬೇಕೇ ಬೇಕು ಅಂತೇನಿಲ್ಲಮ್ಮ. ಗಡ್ಡೆ ಚಿಕ್ಕದಿದೆ. ಅಷ್ಟನ್ನೇ ತೆಗೆದು, ಆಮೇಲೆ ಕೆಲವು ವಾರ ರೇಡಿಯೇಷನ್ ಕೊಡಬಹುದು. ನಿಮ್ಮ ಮಗನಿಗೆ ಹೋದ ಸಲವೇ ಹೇಳಿದ್ದೆ.”

ನನಗೂ ಅದು ಹೊಸ ಸುದ್ದಿ. ನಾನು ಇವರ ಕಡೆ ತಿರುಗಿದೆ. ಹಣೆಯ ಬೆವರು ಒರೆಸುತ್ತಾ ಇವರು ಅಂದರು: “ರೇಡಿಯೇಷನ್ ಅಂದ್ರೆ ದಿನಾ ಬರ್ಬೇಕು ಅಮ್ಮ. ನಿನಗೆ ಗೊತ್ತಾಗ್ಬಿಡ್ತಿತ್ತು. ಅದಕ್ಕೆ ಪೂರ್ತಿ ತೆಗೆದ್ಬಿಡಿ ಅಂದೆ.”

ಒಂದು ಸುಳ್ಳು ಉಳಿಯಲಿ ಎಂದು ಹೆತ್ತ ತಾಯಿಯ ಮೊಲೆಯನ್ನು ಕೊಡಲು ಒಪ್ಪಿದ್ದ ಈ ಮನುಷ್ಯನ ಪಕ್ಕದಲ್ಲೇ ನನ್ನ ಕುರ್ಚಿಯಿತ್ತು. ಅವರ ಮೊಣಕೈ ನನ್ನ ತೋಳಿಗೆ ತಾಗಿತು. ಅಸಹ್ಯವೆನಿಸಿ, ಕುರ್ಚಿಯನ್ನು ಕಿರ್ ಎನ್ನಿಸಿಕೊಂಡೇ ಆಚೆ ಎಳೆದುಕೊಂಡೆ.

ಅತ್ತೆ ಮಗನ ಕಡೆ ನೋಡಲೂ ಇಲ್ಲ. ಡಾಕ್ಟರನ್ನೇ ಕೇಳಿದರು.

“ದಿನಾ ಅಂದ್ರೆ ಎಷ್ಟು ಹೊತ್ತಿಗೆ ಬರ್ಬೇಕು? ನಮ್ಮ ಅಟ್ಟೂರಿಂದ ಬಸ್ಸಿದೆ, ನಾನೇ ಬರ್ತೀನಿ.”